ದಿನಸಿ ಅಂಗಡಿಗೆ ಸರ್ಕಾರದ ಹಣ: ನಂಬಿಕೆ ಮತ್ತು ವಾಸ್ತವ

ಅಮೆರಿಕದ ನಗರಗಳ ಹಲವು ಬಡ ಬಡಾವಣೆಗಳಲ್ಲಿ ತಾಜಾ ತರಕಾರಿ, ಹಣ್ಣು, ಹಾಲು, ಮಾಂಸಗಳೆಲ್ಲ ಒಂದೇ ಕಡೆ ಸಿಗುವ ದಿನಸಿ ಅಂಗಡಿ ಇಲ್ಲದಿರುವುದಕ್ಕೆ ನಿವಾಸಿಗಳ ಬಡತನವೇ ಏಕೈಕ ಕಾರಣವೆಂಬ ನಂಬಿಕೆ ವ್ಯಾಪಕವಾಗಿದೆ. ಬಡತನದ ಪಾತ್ರವನ್ನು ಅಲ್ಲಗಳೆಯಲಾಗದು. ಆದರೆ ಎರಡನೆಯ ಮಹಾಯುದ್ಧದ ನಂತರ ಬಿಳಿಯ ಮಧ್ಯಮ ವರ್ಗ ಉಪನಗರಗಳಿಗೆ ವಲಸೆ ಹೋದಾಗ ದೊಡ್ಡ ಅಂಗಡಿಗಳೂ ಅವರ ಬೆನ್ನುಹತ್ತಿ ಹೋದವು. ಅಷ್ಟೇ ಅಲ್ಲ, ತಾವು ಖಾಲಿ ಮಾಡಿದ ಜಾಗದಲ್ಲಿ ಬೇರೆಯವರು ದಿನಸಿ ಅಂಗಡಿ ತೆರೆಯಬಾರದೆಂಬ ಷರತ್ತನ್ನು ಕೆಲವು ಕಂಪನಿಗಳು ಕ್ರಯಪತ್ರದಲ್ಲೇ ಬರೆಸಿದ್ದರಿಂದ, ಕಟ್ಟಡವಿದ್ದೂ ಅಂಗಡಿ ಬರದ ಸ್ಥಿತಿ ಉಂಟಾಯಿತು.

ಇಂಥ ಕಡೆ ಸರ್ಕಾರ ಹೂಡುವ ಹಣವೆಲ್ಲ ವ್ಯಾಪಾರಿಗಳಿಗೆ ಪುಕ್ಕಟೆಯಾಗಿ ಸಲ್ಲುತ್ತದೆಂಬುದೂ ಸರಿಯಲ್ಲ. 2004ರಲ್ಲಿ ಆರಂಭವಾದ ಪೆನ್ಸಿಲ್ವೇನಿಯಾದ ಯೋಜನೆಯಲ್ಲಿ ರಾಜ್ಯವು ಕೊಟ್ಟ 3 ಕೋಟಿ ಡಾಲರ್ ಮೂಲಧನಕ್ಕೆ ಖಾಸಗಿ ಬಂಡವಾಳವನ್ನು ಸೇರಿಸಿ, ಬ್ಯಾಂಕುಗಳು ಹಿಂಜರಿಯುವ ಅಂಗಡಿಗಳಿಗೆ ಸಾಲವನ್ನೂ, ಸಾಲದಿಂದ ತುಂಬದ ವೆಚ್ಚಕ್ಕೆ ಅನುದಾನವನ್ನೂ ನೀಡಲಾಯಿತು. ಸುಮಾರು ಆರು ವರ್ಷಗಳಲ್ಲಿ, ಹೊಸದಾಗಿ ತೆರೆದವೂ ನವೀಕರಣಗೊಂಡವೂ ಸೇರಿ, 88 ಅಂಗಡಿಗಳು ಇದರ ನೆರವು ಪಡೆದವು. ಮುಂದೆ ಒಕ್ಕೂಟ ಸರ್ಕಾರವೂ ಇದೇ ಮಾದರಿಯನ್ನು ಅನುಸರಿಸಿತು.

ಎಲ್ಲಕ್ಕಿಂತ ಬೇರೂರಿದ ಕಲ್ಪನೆಯೆಂದರೆ, ಅಂಗಡಿ ಬಂದರೆ ಜನರ ಊಟ ತಾನಾಗಿಯೇ ಬದಲಾಗುತ್ತದೆ ಎಂಬುದು. ಬಹುಪಾಲು ಕಪ್ಪು ಜನಾಂಗದವರು ವಾಸಿಸುವ ಪಿಟ್ಸ್‌ಬರ್ಗ್‌ನ ಹಿಲ್ ಡಿಸ್ಟ್ರಿಕ್ಟ್‌ನಲ್ಲಿ, ಸುಮಾರು ಮೂರು ದಶಕಗಳ ಕೊರತೆಯ ನಂತರ, 2013ರ ಅಕ್ಟೋಬರ್‌ನಲ್ಲಿ ಸಾರ್ವಜನಿಕ ನೆರವಿನಿಂದ ಪೂರ್ಣ ಪ್ರಮಾಣದ ಅಂಗಡಿಯೊಂದು ತೆರೆಯಿತು. ಅಂಗಡಿಗೆ ಮೊದಲೂ ನಂತರವೂ ಅಲ್ಲಿನ ಮನೆಗಳ ಆಹಾರಕ್ರಮವನ್ನು ಇನ್ನೊಂದು ಬಡಾವಣೆಯದರೊಂದಿಗೆ ಹೋಲಿಸಿದ ಸಂಶೋಧಕರಿಗೆ, ಹಿಲ್ ಡಿಸ್ಟ್ರಿಕ್ಟ್‌ನ ನಿವಾಸಿಗಳು ಸೇವಿಸುವ ಸಕ್ಕರೆ ಮತ್ತು ಕ್ಯಾಲೊರಿಗಳಲ್ಲಿ ಅನುಕೂಲಕರ ಬದಲಾವಣೆ ಕಂಡಿತು. ಆದರೆ ಹಣ್ಣು ತರಕಾರಿಯ ಸೇವನೆ ಏರಲಿಲ್ಲ. ವಿಚಿತ್ರವೆಂದರೆ, ಸಕ್ಕರೆ ಮತ್ತು ಕ್ಯಾಲೊರಿಗಳ ಈ ಸುಧಾರಣೆಗೂ ಹೊಸ ಅಂಗಡಿಯಲ್ಲಿ ನಿಯಮಿತವಾಗಿ ಕೊಳ್ಳುವುದಕ್ಕೂ ಸಂಬಂಧ ಕಾಣಲಿಲ್ಲ. ಇಡೀ ದೇಶದ ಖರೀದಿ ವಿವರಗಳನ್ನು ಆಧರಿಸಿ 2019ರಲ್ಲಿ ಪ್ರಕಟವಾದ ಅರ್ಥಶಾಸ್ತ್ರದ ಅಧ್ಯಯನವೊಂದು, ಬಡವರಿಗೂ ಶ್ರೀಮಂತರಿಗೆ ಸಿಗುವಂಥದೇ ಸರಕು ಅದೇ ಬೆಲೆಗೆ ಸಿಕ್ಕರೆ ಪೌಷ್ಟಿಕ ಅಸಮಾನತೆ ಸುಮಾರು ಶೇ. 10ರಷ್ಟು ಮಾತ್ರ ತಗ್ಗೀತೆಂದು ಅಂದಾಜಿಸಿತು. ಹೀಗಿರುವಾಗ, ಇಂಥ ಯೋಜನೆಗಳ ಸಮರ್ಥಕರು ಬೊಜ್ಜು ಕರಗಿಸುವ ಭರವಸೆಯನ್ನು ಅಷ್ಟು ಧಾರಾಳವಾಗಿ ನೀಡಬೇಕಿರಲಿಲ್ಲ. ಹಾಗೆಂದು ಎರಡು ಬಸ್ಸು ಬದಲಿಸಿ ಕೈಚೀಲ ಹೊತ್ತು ತರುವ ಕಷ್ಟ ತಪ್ಪುವುದು ಸಣ್ಣ ಲಾಭವೇನಲ್ಲ. ಅದನ್ನು ಆರೋಗ್ಯದ ಅಂಕಿಅಂಶಗಳಿಂದಲೇ ಅಳೆಯಬೇಕಾಗಿಯೂ ಇಲ್ಲ.

ಒಮ್ಮೆ ತೆರೆದ ಅಂಗಡಿ ಉಳಿದೇ ಉಳಿಯುತ್ತದೆಂಬ ನಂಬಿಕೆಯೂ ಪರೀಕ್ಷೆಗೆ ನಿಲ್ಲುವುದಿಲ್ಲ. ದಿನಸಿ ವ್ಯಾಪಾರದಲ್ಲಿ ನಿವ್ವಳ ಲಾಭ ಸಾಮಾನ್ಯವಾಗಿ ಶೇ. 1ರಿಂದ 3ರಷ್ಟು ಮಾತ್ರ ಉಳಿಯುವುದರಿಂದ, ಆರಂಭದ ವೆಚ್ಚಕ್ಕೆ ಒದಗಿದ ಹಣವು ದಿನನಿತ್ಯದ ನಷ್ಟವನ್ನು ತುಂಬಲಾರದು. ಹಿಲ್ ಡಿಸ್ಟ್ರಿಕ್ಟ್‌ನ ಅಂಗಡಿ 2019ರಲ್ಲಿ ಮುಚ್ಚಿತು. ಅದೇ ವರ್ಷ ಫ್ಲೋರಿಡಾದ ಬಾಲ್ಡ್ವಿನ್ ಪಟ್ಟಣದ ಆಡಳಿತವು ತಾನೇ ಒಡೆಯನಾಗಿ ತೆರೆದ ಅಂಗಡಿ 2024ರವರೆಗಷ್ಟೇ ನಡೆಯಿತು. ಇಂಥ ಅಂಗಡಿಗಳಿಗೆ ಇನ್ನೊಂದು ತೊಡಕೂ ಇದೆ: ಒಂದೇ ಅಂಗಡಿಗಾಗಿ ಅಲ್ಪ ಸರಕು ಕೊಳ್ಳುವವರಿಗೆ, ಸಾವಿರಾರು ಮಳಿಗೆಗಳಿಗೆ ಒಟ್ಟಾಗಿ ಕೊಳ್ಳುವ ಕಂಪನಿಗೆ ಸಿಗುವ ಸಗಟು ದರ ಸಿಗುವುದಿಲ್ಲ.