‘ಮರೆತುಬಿಡಿ’ ಎಂಬ ತಪ್ಪು ಮದ್ದು

ನಮ್ಮ ಯಜಮಾನರು ಹೋಟೆಲಿನಲ್ಲಿ ಗೋಡೆಗೆ ಬೆನ್ನು ಕೊಟ್ಟು, ಬಾಗಿಲು ಕಾಣುವ ಹಾಗೇ ಕೂರುವುದು. ಆ ಜಾಗ ಸಿಗದಿದ್ದರೆ ತಿಂಡಿಯೇ ಬೇಡ. 1999ರಲ್ಲಿ ಕಾರ್ಗಿಲ್‌ನಲ್ಲಿದ್ದವರು. ಹವಾಲ್ದಾರರಾಗಿ ನಿವೃತ್ತಿಯಾಗಿ ಬನಶಂಕರಿ ಎರಡನೇ ಹಂತಕ್ಕೆ ಬಂದ ಮೇಲೂ ಪಹರೆ ಮುಗಿಯಲಿಲ್ಲ. ನಡುರಾತ್ರಿ ಎದ್ದು ಚಿಲಕ ಮುಟ್ಟಿ ನೋಡುವರು, ಬೆವತು ಕೂಗಿಕೊಳ್ಳುವರು, ದೀಪಾವಳಿಯಲ್ಲಿ ಬಚ್ಚಲು ಸೇರಿ ನಲ್ಲಿ ಬಿಟ್ಟುಕೊಂಡು ಕೂರುವರು. ಕ್ಯಾಂಟೀನಿನ ಕೋಟಾ ರಮ್ಮು ತಿಂಗಳ ನಡುವಿಗೇ ಖಾಲಿ. ನಾನು ಹೇಳುತ್ತಿದ್ದುದು ಒಂದೇ: “ಆಗಿದ್ದು ಆಯ್ತು, ಮರೆತುಬಿಡ್ರೀ.”

ಇದು ಪಿಟಿಎಸ್‌ಡಿ (ಆಘಾತದ ನಂತರ ಕಾಡುವ ಒತ್ತಡದ ಕಾಯಿಲೆ) ಇರಬಹುದು ಎಂದವಳು ಮಗಳು. ಮೊದಲ ಮಹಾಯುದ್ಧದ ಕಾಲಕ್ಕೆ ‘ಶೆಲ್ ಶಾಕ್’ ಎನ್ನುತ್ತಿದ್ದರಂತೆ. ಅಮೆರಿಕದ ಮನೋವೈದ್ಯರ ಕೈಪಿಡಿಗೆ ಈಗಿನ ಹೆಸರು ಸೇರಿದ್ದು 1980ರಲ್ಲಿ. ನಿಮ್ಹಾನ್ಸ್ ಎಂದೊಡನೆ “ನನಗೇನು ಹುಚ್ಚಾ?” ಎಂದು ಸಿಡುಕಿದರು. ಬಿಟಿಎಂ ಲೇಔಟ್‌ನಲ್ಲಿ ನಿಮ್ಹಾನ್ಸ್‌ನದೇ ಸೆಂಟರ್ ಫಾರ್ ವೆಲ್‌ಬೀಯಿಂಗ್ ಇದೆ. ಅಲ್ಲಿಗಾದರೆ ಸರಿ ಎಂದರು.

ಅಲ್ಲಿನ ಮನಶ್ಶಾಸ್ತ್ರಜ್ಞೆ ಮೊದಲು ತಿದ್ದಿದ್ದು ನನ್ನನ್ನು: “ಮರೀರಿ ಅನ್ನಬೇಡಿಮ್ಮ.” ಉಳಿದ ನೆನಪುಗಳು ಹಳತಾಗುತ್ತವೆ, ಆಘಾತದ ನೆನಪು ಆಗುವುದಿಲ್ಲ, ಈಗಲೇ ನಡೆಯುತ್ತಿದೆ ಎಂಬಂತೆ ಎದೆ ಹೊಡೆದುಕೊಳ್ಳುತ್ತದೆ. ತಪ್ಪಿಸಿಕೊಂಡಷ್ಟೂ ಅದಕ್ಕೆ ಬಲ. ಹಾಗಾಗಿ ಚಿಕಿತ್ಸೆ ಎಂದರೆ, ಪಕ್ಕದಲ್ಲಿ ತರಬೇತಿ ಪಡೆದವರನ್ನು ಇಟ್ಟುಕೊಂಡು ಮತ್ತೆ ಮತ್ತೆ ನೆನೆಯುವುದು. ವಾರಕ್ಕೊಮ್ಮೆ ಒಂದೂವರೆ ಗಂಟೆ, ಕಣ್ಣು ಮುಚ್ಚಿ ಕಾರ್ಗಿಲ್‌ನ ಆ ರಾತ್ರಿಯನ್ನು ಹೇಳಬೇಕು. ಹೇಳಿದ್ದನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡು ಮನೆಯಲ್ಲೂ ಕೇಳಬೇಕು. ಮೊದಲೆರಡು ವಾರ ನಿದ್ದೆ ಇನ್ನಷ್ಟು ಕೆಟ್ಟಿತು. ಮನೋವೈದ್ಯರು ಸರ್ಟ್ರಾಲಿನ್ ಮಾತ್ರೆ ಕೊಟ್ಟರು. ಅದು ಹಿಡಿಯಲು ಕೆಲವು ವಾರ ಬೇಕು, ಜೊತೆಗೆ ರಮ್ಮು ಬೇಡವೇ ಬೇಡ ಎಂದರು.

ಚಿಕಿತ್ಸೆಯ ಹೋಂವರ್ಕೂ ಇತ್ತು: ಜಯನಗರ ನಾಲ್ಕನೇ ಬ್ಲಾಕಿನ ಮಾರುಕಟ್ಟೆಗೆ ಹೋಗುವುದು. ಮೊದಲು ಬೆಳಿಗ್ಗೆ, ಜನ ಕಡಿಮೆ ಇರುವಾಗ. ಆಮೇಲೆ ಸಂಜೆಯ ಗಿಜಿಗಿಜಿಯಲ್ಲಿ. ಎದೆ ಬಡಿತ ಇಳಿಯುವವರೆಗೂ ಅಲ್ಲೇ ನಿಲ್ಲಬೇಕು. ಸೊಪ್ಪಿನ ಚೀಲ ಹಿಡಿದು ನಾನೂ ನಿಂತೆ.

ಇಸಿಎಚ್‌ಎಸ್ ಆರೋಗ್ಯ ಯೋಜನೆಯ ಕಾರ್ಡಿರುವ ಮಾಜಿ ಸೈನಿಕರು ಈ ಚಿಕಿತ್ಸೆಯ ಬಗ್ಗೆ ಅದರ ಪಾಲಿಕ್ಲಿನಿಕ್‌ನಲ್ಲಿ ಕೇಳಬಹುದು. ಹೊರಗೆ ಹೋಗಲು ಹಿಂಜರಿಯುವವರಿಗೆ 2022ರಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿ ಇದೆ: 14416, ಹಗಲೂ ರಾತ್ರಿ, ಕನ್ನಡದಲ್ಲೇ ಮಾತಾಡಬಹುದು. ನಮ್ಮ ಫ್ರಿಜ್ಜಿನ ಮೇಲೆ ಆ ನಂಬರು ಅಂಟಿಸಿದ್ದೇನೆ.

ಕಳೆದ ದೀಪಾವಳಿಗೆ ಬಚ್ಚಲಿನ ನಲ್ಲಿ ಸುರಿಯಲಿಲ್ಲ. ಕಿಟಕಿ ಬಳಿ ನನ್ನ ಕೈ ಹಿಡಿದು ಕೂತು, ಒಂದೊಂದು ಸದ್ದಿಗೂ “ಲಕ್ಷ್ಮೀ ಪಟಾಕಿ… ಆಟಂಬಾಂಬು…” ಎಂದು ಹೆಸರು ಹೇಳಿದರು. ಅಂಗೈ ಒದ್ದೆಯಾಗಿತ್ತು, ಆದರೂ ಎದ್ದು ಹೋಗಲಿಲ್ಲ. ಹೋಟೆಲಿನಲ್ಲಿ ಬಾಗಿಲು ಈಗಲೂ ಕಾಣಬೇಕು. ಕಾಣಲಿ. ಎದುರಿಗೆ ಕೂತು ಅಡ್ಡವಾಗುವ ಬದಲು ನಾನೇ ಪಕ್ಕಕ್ಕೆ ಸರಿದು ಕೂರುತ್ತೇನೆ.