ಇಸ್ಪೀಟ್ ಎಲೆಯ ಬೆನ್ನು ಮತ್ತು ಬಾಳಿಕೆ

ಇಸ್ಪೀಟ್ ಕಟ್ಟಿನ 52 ಎಲೆಗಳಿಗೆ ಮುಖ ಬೇರೆ ಬೇರೆ, ಬೆನ್ನು ಒಂದೇ. ಬೆನ್ನು ನೋಡಿ ಮುಖವನ್ನು ಹೇಳಲಾಗದು ಎಂಬ ಆಧಾರದ ಮೇಲೆಯೇ ರಮ್ಮಿಯಿಂದ ಪೋಕರ್‌ವರೆಗಿನ ಆಟಗಳೆಲ್ಲ ನಿಂತಿರುವುದರಿಂದ, ಎಲೆಯ ಬೆನ್ನಿನಲ್ಲಿ ಗುರುತು ಹಿಡಿಯಬಲ್ಲ ಮಡಿಕೆಯೋ ಕಲೆಯೋ ಮೂಡಿದಾಗಲೇ ಅದರ ಆಯುಷ್ಯ ಮುಗಿಯುತ್ತದೆ. ಹರಿಯುವುದು ಆಮೇಲಿನ ಮಾತು. ಬಾಳಿಕೆಯ ಪ್ರಶ್ನೆ ಇಲ್ಲಿ ನ್ಯಾಯದ ಪ್ರಶ್ನೆಯೂ ಹೌದು, ಏಕೆಂದರೆ ಸವೆದ ಕಟ್ಟು ಎಲ್ಲರಿಗೂ ಸಮವಾಗಿ ಸವೆಯುವುದಿಲ್ಲ, ಕಣ್ಣು ಚುರುಕಾದವನಿಗೆ ಮಾತ್ರ ನೆರವಾಗುತ್ತದೆ.

ವಿಜಯಪುರ ಜಿಲ್ಲೆಯ ಝಳಕಿ, ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಸೀಮೆಯಲ್ಲಿ ನಾಗರ ಪಂಚಮಿ ಹಬ್ಬ ಹತ್ತಿರವಾದಂತೆ ಇಸ್ಪೀಟ್ ಆಟ ಕಳೆಗಟ್ಟುತ್ತದೆ. ಶ್ರಾವಣದ ತೇವ, ಶೇಂಗಾ ಉಂಡಿ ತಿಂದ ಕೈಯ ಜಿಡ್ಡು, ನೆಲದ ಮೇಲೆ ಹಾಸಿದ ಚಾಪೆಯ ಧೂಳು ಇವೆಲ್ಲ ಕಾಗದದ ಎಲೆಗೆ ಒಮ್ಮೆಲೇ ಎರಗುವ ಕಾಲವದು. ಒಳ್ಳೆಯ ಕಾಗದದ ಎಲೆಯೆಂದರೆ ಎರಡು ಹಾಳೆಗಳನ್ನು ಕಪ್ಪು ಅಂಟಿನಿಂದ ಕೂಡಿಸಿ, ಮೇಲೆ ತೆಳುವಾದ ಹೊಳಪಿನ ಲೇಪ ಕೊಟ್ಟದ್ದು. ಒಳಗಿನ ಕಪ್ಪು ಪದರ ಬೆಳಕು ಹಾಯದಂತೆ ತಡೆಯುತ್ತದೆ, ಮೇಲಿನ ಲೇಪ ಬೆವರನ್ನು ತಡೆಯುತ್ತದೆ. ಆದರೆ ಕತ್ತರಿಸಿದ ಅಂಚಿಗೆ ಲೇಪವಿರುವುದಿಲ್ಲವಾದ್ದರಿಂದ ತೇವ ಅಲ್ಲಿಂದ ಒಳಸೇರಿ, ಕಾಗದ ಉಬ್ಬಿ, ಮೂಲೆಗಳು ಪದರು ಬಿಡತೊಡಗುತ್ತವೆ. ಬೇಸಿಗೆಯ ಒಣ ಬಿಸಿಲಿನಲ್ಲಿ ತೊಂದರೆ ಇನ್ನೊಂದು ಬಗೆಯದು: ಎರಡು ಹಾಳೆಗಳು ಒಂದೇ ಪ್ರಮಾಣದಲ್ಲಿ ಒಣಗದೆ ಎಲೆ ದೋಣಿಯಂತೆ ಬಾಗುತ್ತದೆ. ನಾಲಗೆಗೆ ಬೆರಳು ತಾಗಿಸಿ ಎಲೆ ಹಂಚುವ ರೂಢಿಯಂತೂ ಕಟ್ಟನ್ನು ಬೇಗ ಕೆಡಿಸುವುದರ ಜೊತೆಗೆ ಆರೋಗ್ಯಕ್ಕೂ ಒಳ್ಳೆಯದಲ್ಲ.

ಪೋಕರ್ ಕೋಣೆಗಳ ವ್ಯವಸ್ಥೆ ಇದಕ್ಕಿಂತ ಬೇರೆ. ಹಣ ಒಡ್ಡಿ ಆಡುವ ಅಂದರ್ ಬಾಹರ್‌ನಂಥ ಅದೃಷ್ಟದಾಟಗಳು 1963ರ ಕರ್ನಾಟಕ ಪೊಲೀಸ್ ಕಾಯ್ದೆಯಡಿ ಅಪರಾಧವಾಗಿದ್ದು, ದಾಳಿಯ ಸುದ್ದಿಗಳಲ್ಲಿ ನಗದಿನ ಜೊತೆಗೆ 52 ಇಸ್ಪೀಟ್ ಎಲೆಗಳೂ ಜಪ್ತಿಯಾದದ್ದು ವರದಿಯಾಗುತ್ತಲೇ ಇರುತ್ತದೆ. ಪೋಕರನ್ನು ಕೌಶಲದ ಆಟವಾಗಿ ಆಡುವುದಾದರೆ ಪರವಾನಗಿ ಬೇಕಿಲ್ಲವೆಂದು ಕರ್ನಾಟಕ ಹೈಕೋರ್ಟ್ 2013ರಲ್ಲಿ ಹೇಳಿತು. ಇಂಥ ಕೋಣೆಗಳಲ್ಲಿ ಸಾಮಾನ್ಯವಾಗಿ ಬಳಕೆಯಾಗುವುದು ಪೂರ್ತಿ ಪ್ಲಾಸ್ಟಿಕ್ಕಿನ ಎಲೆ. ಅಮೆರಿಕದ ಕೆಮ್ ಕಂಪನಿ ಸೆಲ್ಯುಲೋಸ್ ಅಸಿಟೇಟ್ ಎಂಬ ವಸ್ತುವಿನಿಂದಲೂ, 1908ರಲ್ಲಿ ಆರಂಭವಾದ ಬ್ರೆಜಿಲ್‌ನ ಕೋಪಾಗ್ ಪಿವಿಸಿಯಿಂದಲೂ ಇಂಥ ಎಲೆಗಳನ್ನು ತಯಾರಿಸಿ ಹೆಸರಾದವು. ಇವು ನೀರು ಕುಡಿಯುವುದಿಲ್ಲ, ಬಾಗಿದರೆ ಮತ್ತೆ ನೆಟ್ಟಗಾಗುತ್ತವೆ, ಜಿಡ್ಡಾದರೆ ಸ್ವಲ್ಪ ಸಾಬೂನು ಬೆರೆಸಿದ ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿದ ಮೆತ್ತನೆಯ ಬಟ್ಟೆಯಿಂದ ಒರೆಸಿ ಒಣಗಿಸಬಹುದು. ಬೆಲೆ ಹೆಚ್ಚಾದರೂ ಕಾಗದದ ಹತ್ತಾರು ಕಟ್ಟುಗಳ ಕೆಲಸವನ್ನು ಒಂದೇ ಕಟ್ಟು ಮಾಡಬಲ್ಲದು. ಆದರೆ ಸುಡುವ ಬಿಸಿಲಿನಲ್ಲಿ ನಿಂತ ಕಾರಿನೊಳಗೆ ಬಿಟ್ಟರೆ ಪ್ಲಾಸ್ಟಿಕ್ಕೂ ಸೊಟ್ಟಗಾಗುತ್ತದೆ, ಚೂಪಾದ ಮಡಿಕೆ ಬಿದ್ದರೆ ಬಿಳಿಯ ಗೆರೆ ಉಳಿಯುತ್ತದೆ.

ಆ ಕೋಣೆಗಳಲ್ಲಿ ಎಲೆಯನ್ನು ಹಿಡಿಯುವ ಕ್ರಮವೂ ಬಾಳಿಕೆಯ ಭಾಗವೇ ಆಗಿದೆ. ಹಂಚುವವರು ಎಲೆಯನ್ನು ಎತ್ತರದಿಂದ ಎಸೆಯದೆ, ಮೇಜಿನ ಬಟ್ಟೆಗೆ ತಾಗುವಷ್ಟು ತಗ್ಗಿನಲ್ಲಿ ಜಾರಿಸುತ್ತಾರೆ. ಆಟಗಾರರು ಎಲೆಯನ್ನು ಮೇಜಿನ ಮೇಲೆಯೇ ಇಟ್ಟು ಮೂಲೆಯನ್ನಷ್ಟೇ ಎತ್ತಿ ನೋಡುತ್ತಾರೆ. ಈ ಮೂಲೆ ಎತ್ತುವುದರಿಂದಲೇ ಎಲೆಗೆ ಅತಿ ಹೆಚ್ಚು ಹಾನಿ. ದೊಡ್ಡ ಎಲೆ ಬಂದಾಗ ಕೈ ಹೆಚ್ಚು ಹೊತ್ತು ಅಲ್ಲೇ ತಡೆಯುವುದರಿಂದ ಎಕ್ಕ, ರಾಜರ ಮೂಲೆಗಳೇ ಉಳಿದವಕ್ಕಿಂತ ಬೇಗ ಬಾಗಬಹುದು, ಹೀಗಾಗಿ ಯಾರೂ ಉದ್ದೇಶಪಟ್ಟು ಮೋಸ ಮಾಡದೆಯೇ ಕಟ್ಟು ಗುಟ್ಟು ಬಿಟ್ಟುಕೊಡುತ್ತದೆ. ಇದನ್ನು ತಡೆಯಲೆಂದೇ ಬೆನ್ನಿನ ಬಣ್ಣ ಬೇರೆಯಾದ ಎರಡು ಕಟ್ಟುಗಳನ್ನು ಸರದಿಯಂತೆ ಬಳಸಿ, ಆಗಾಗ ಇಡೀ ಕಟ್ಟನ್ನು ಮುಖ ಮೇಲಾಗಿ ಹರಡಿ ಎಣಿಸಿ, ತಿರುಗಿಸಿ ಬೆನ್ನುಗಳನ್ನೂ ಪರೀಕ್ಷಿಸುತ್ತಾರೆ.

ಹೊಸ ಕಟ್ಟನ್ನು ಮೊದಲು ಮೇಜಿನ ತುಂಬ ಬೆನ್ನು ಮೇಲಾಗಿ ಹರಡಿ ಎರಡೂ ಅಂಗೈಗಳಿಂದ ಗರಗರ ತಿರುಗಿಸಿ ಬೆರೆಸುವುದು ಅಲ್ಲಿನ ಪದ್ಧತಿ. ದುಂಡನೆಯ ಎಲೆಗಳ ಗಂಜೀಫಾ ಆಟವನ್ನು ಬಲ್ಲವರಿಗೆ ಇದು ಹೊಸದೆನಿಸದು, ಏಕೆಂದರೆ ದಪ್ಪನೆಯ ಆ ಎಲೆಗಳನ್ನು ಬಟ್ಟೆಯ ಮೇಲೆ ಹರಡಿಯೇ ಕಲೆಸುತ್ತಿದ್ದರು. ಬಾಬರನ ಆತ್ಮಕಥೆಯ 1527ರ ಬರಹದಲ್ಲಿ ಉಲ್ಲೇಖಗೊಂಡಿರುವ ಈ ಆಟದ ಮೊಗಲ್ ಕಟ್ಟಿನಲ್ಲಿ 96 ಎಲೆಗಳೂ, ದಶಾವತಾರದ ಕಟ್ಟಿನಲ್ಲಿ 120 ಎಲೆಗಳೂ ಇರುತ್ತಿದ್ದವು. ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಇದನ್ನು ಬೆಳೆಸಿ, 36ರಿಂದ 360 ಎಲೆಗಳವರೆಗಿನ ಆಟಗಳನ್ನು ರೂಪಿಸಿದರು. ಮೈಸೂರು ಗಂಜೀಫಾಕ್ಕೆ ಇಂದು ಭೌಗೋಳಿಕ ಸೂಚಿಕೆಯ ಮಾನ್ಯತೆ ಇದೆ. ದೇಶದ ಹಲವೆಡೆ ಬಟ್ಟೆಯ ಅಥವಾ ಕಾಗದದ ಪದರಗಳನ್ನು ಹುಣಸೆ ಬೀಜದ ಸರಿಯಿಂದ ಅಂಟಿಸಿ, ತಿಕ್ಕಿ ನುಣುಪುಗೊಳಿಸಿ, ಚಿತ್ರ ಬರೆದು, ಅರಗಿನ ಲೇಪ ಕೊಟ್ಟು ಈ ಎಲೆಗಳನ್ನು ಮಾಡುತ್ತಿದ್ದರು. ಬೆನ್ನಿಗೆ ಒಂದೇ ಬಣ್ಣ. ದುಂಡಗಿನ ಎಲೆಗೆ ಮೂಲೆಯೇ ಇಲ್ಲದ್ದರಿಂದ ಮೂಲೆ ಬಾಗುವ, ಪದರು ಬಿಡುವ ಪ್ರಮೇಯವೇ ಇಲ್ಲ. ಕಾರ್ಖಾನೆಗಳು ಪ್ಲಾಸ್ಟಿಕ್ಕಿನಿಂದ ಸಾಧಿಸಿದ ಗಟ್ಟಿತನದ ಒಂದು ಪಾಲನ್ನು ಈ ಕುಶಲಕರ್ಮಿಗಳು ಆಕಾರದಿಂದಲೇ ಪಡೆದಿದ್ದರು ಎನ್ನುವುದು ಅವರಿಗೆ ಸಲ್ಲಬೇಕಾದ ಗೌರವ.

ಮನೆಯಲ್ಲಿ ಹಣವಿಲ್ಲದೆ ರಮ್ಮಿ ಆಡುವವರೂ ಕೈ ತೊಳೆದು ಕೂತು, ದಪ್ಪ ಜಮಖಾನೆ ಹಾಸಿ, ಆಟದ ನಂತರ ಎಲೆಗಳನ್ನು ಡಬ್ಬಿಯೊಳಗೆ ಬಿಗಿಯಾಗಿ ಇಟ್ಟರೆ ಕಾಗದದ ಕಟ್ಟು ಕೂಡ ಸಾಕಷ್ಟು ಕಾಲ ನಿಲ್ಲುತ್ತದೆ. ಒಂದೇ ಎಲೆ ಕೆಟ್ಟರೆ ಹಳೆಯ ಕಟ್ಟಿನಿಂದ ಇನ್ನೊಂದನ್ನು ತಂದು ಸೇರಿಸುವುದು ಮಾತ್ರ ಸಲ್ಲದು, ಸವೆತದ ವ್ಯತ್ಯಾಸವೇ ಗುರುತಾಗಿಬಿಡುತ್ತದೆ. ದೊಡ್ಡ ಕ್ಯಾಸಿನೊಗಳು ಆಟದಿಂದ ತೆಗೆದ ಕಟ್ಟುಗಳಿಗೆ ತೂತು ಕೊರೆದು ಅಥವಾ ಮೂಲೆ ಕತ್ತರಿಸಿ ಹೊರಗೆ ಕಳಿಸುತ್ತವೆ. ಅಂಥ ಎಲೆಯನ್ನು ಯಾರೂ ಮತ್ತೆ ಮೇಜಿಗೆ ತರಲಾರರು.