ಕಾಲೇಜಿನ ‘ವರ್ಷದ ಸಾಧನೆ’ ಫ್ಲೆಕ್ಸ್‌ನಲ್ಲಿ ಪೂರ್ತಿ ಸಿಗಲ್ಲ: ಎಕ್ಯೂಎಆರ್ ಓದೋದು ಹೇಗೆ?

ಪದವಿ ಫಲಿತಾಂಶ ಬಂತು ಅಂದ್ರೆ ತಾಲ್ಲೂಕು ಕೇಂದ್ರದ ಸರ್ಕಲ್‌ಗಳಲ್ಲಿ ಫ್ಲೆಕ್ಸ್ ಏಳುತ್ತವೆ. ರ‍್ಯಾಂಕ್ ಬಂದವರ ಫೋಟೊ, ಮೇಲ್ಗಡೆ ಗಣ್ಯರ ಫೋಟೊ, ಕೆಳಗೆ ಶುಭಾಶಯ. ರ‍್ಯಾಂಕ್ ತೆಗೆದವರಿಗೆ ಅದು ಸಲ್ಲಬೇಕಾದ ಗೌರವವೇ. ಆದರೆ ಉಳಿದ ವಿದ್ಯಾರ್ಥಿಗಳು ಏನಾದರು, ಪಾಠ ಮಾಡಲು ಎಷ್ಟು ಜನ ಇದ್ದರು, ಊರಿಗೆ ಏನು ಉಪಯೋಗ ಆಯ್ತು ಅನ್ನೋದು ಫ್ಲೆಕ್ಸ್‌ನಲ್ಲಿ ಇರಲ್ಲ. ಅದಕ್ಕೆಂದೇ ಬೇರೊಂದು ದಾಖಲೆ ಇದೆ. ಹೆಸರು ಎಕ್ಯೂಎಆರ್, ಅಂದರೆ ವಾರ್ಷಿಕ ಗುಣಮಟ್ಟ ಖಾತರಿ ವರದಿ.

ಏನಿದು ವರದಿ?

ಕಾಲೇಜುಗಳ ಗುಣಮಟ್ಟ ಅಳೆಯಲು ಯುಜಿಸಿ 1994ರಲ್ಲಿ ನ್ಯಾಕ್ ಸಂಸ್ಥೆ ಆರಂಭಿಸಿತು. ಕೇಂದ್ರ ಕಚೇರಿ ಬೆಂಗಳೂರಿನಲ್ಲೇ ಇದೆ. ನ್ಯಾಕ್ ಮಾನ್ಯತೆ ಪಡೆದ ಕಾಲೇಜು ಪ್ರತಿ ವರ್ಷ 7 ಮಾನದಂಡಗಳ ಅಡಿಯಲ್ಲಿ ಈ ವರದಿ ಕೊಡಬೇಕು, ತನ್ನ ವೆಬ್‌ಸೈಟ್‌ನಲ್ಲೂ ಹಾಕಬೇಕು. ಗೇಟಿನ ಮೇಲೆ ಬರೆಸಿರುವ ‘ಬಿ+’, ‘ಎ’ ಗ್ರೇಡ್‌ಗಳ ಅವಧಿ ಸಾಮಾನ್ಯವಾಗಿ 5 ವರ್ಷ. ಹಾಗಾಗಿ ಬೋರ್ಡಿನ ಗ್ರೇಡ್ ನಾಲ್ಕೈದು ವರ್ಷ ಹಳೆಯದೂ ಇರಬಹುದು. ಹೋದ ವರ್ಷದ ಕಥೆ ಬೇಕಾದರೆ ಎಕ್ಯೂಎಆರ್ ನೋಡ್ಬೇಕು.

ವಿದ್ಯಾರ್ಥಿಗಳ ಲೆಕ್ಕ

ವಿಶ್ವವಿದ್ಯಾಲಯಕ್ಕೆ ಸಂಯೋಜಿತವಾದ ಕಾಲೇಜುಗಳ ವರದಿಯಲ್ಲಿ 2.6.3 ಅಂಶ ತೇರ್ಗಡೆ ಪ್ರಮಾಣದ್ದು. ಇಲ್ಲೊಂದು ಸೂಕ್ಷ್ಮ ಇದೆ. ಈ ಶೇಕಡಾವಾರು ಸಿಗೋದು ಅಂತಿಮ ವರ್ಷದ ಪರೀಕ್ಷೆಗೆ ಕೂತವರ ಲೆಕ್ಕದಲ್ಲಿ, ಮೊದಲ ವರ್ಷಕ್ಕೆ ಸೇರಿದವರ ಲೆಕ್ಕದಲ್ಲಿ ಅಲ್ಲ. ಉದಾಹರಣೆಗೆ, 150 ಜನ ಸೇರಿ, ಮಧ್ಯದಲ್ಲಿ 50 ಜನ ಬಿಟ್ಟು, ಉಳಿದ 100ರಲ್ಲಿ 90 ಜನ ಪಾಸಾದರೆ ವರದಿಯಲ್ಲಿ ಶೇ 90 ಅಂತ ಬರುತ್ತೆ. ಸೇರಿದವರ ಲೆಕ್ಕ ಹಿಡಿದರೆ ಅದೇ ಶೇ 60. ಬಸ್ ಸಮಯ ಹೊಂದದೆ, ಫೀಸು ಹೊಂದಿಸಲಾಗದೆ, ಮದುವೆ ನಿಶ್ಚಯವಾಗಿ, ಗ್ಯಾರೇಜು-ಅಂಗಡಿ ಕೆಲಸಕ್ಕೆ ಸೇರಿ ಓದು ಬಿಟ್ಟವರು ಈ ಶೇಕಡಾವಾರಿನಲ್ಲಿ ಕಾಣಲ್ಲ. ಆದ್ದರಿಂದ ಮೂರು ವರ್ಷದ ವರದಿ ಪಕ್ಕಪಕ್ಕ ಇಟ್ಟು, ದಾಖಲಾತಿ ಎಷ್ಟಿತ್ತು, ಅಂತಿಮ ವರ್ಷಕ್ಕೆ ಎಷ್ಟು ಜನ ಉಳಿದರು ಅಂತ ಹೋಲಿಸಬೇಕು.

ಕೆಲಸ ಸಿಕ್ಕವರ ಸಂಖ್ಯೆ 5.2.1ರಲ್ಲಿ, ಮುಂದಿನ ಓದಿಗೆ ಹೋದವರ ಸಂಖ್ಯೆ 5.2.2ರಲ್ಲಿ ಇರುತ್ತೆ. ವಿದ್ಯಾರ್ಥಿವೇತನ ಪಡೆದವರ ವಿವರವೂ ಐದನೇ ಮಾನದಂಡದಲ್ಲೇ ಸಿಗುತ್ತೆ.

ಮೇಷ್ಟ್ರು ಎಷ್ಟು ಜನ?

2.4.1 ಅಂಶದಲ್ಲಿ ಮಂಜೂರಾದ ಹುದ್ದೆಗಳ ಎದುರು ಪೂರ್ಣಾವಧಿ ಬೋಧಕರು ಎಷ್ಟಿದ್ದಾರೆ ಅನ್ನೋದು ಇರುತ್ತೆ. ರಾಜ್ಯದ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳು ಬಹುಮಟ್ಟಿಗೆ ಅತಿಥಿ ಉಪನ್ಯಾಸಕರ ಮೇಲೆ ನಡೀತಿವೆ. ಅವರ ನೇಮಕ ತಡವಾದಷ್ಟು ದಿನ ಆ ವಿಷಯದ ತರಗತಿ ಖಾಲಿ. ಬೋಧಕರ ಸಾಧನೆ ಅಂತ ಪಿಎಚ್‌.ಡಿ, ಪ್ರಬಂಧ, ವಿಚಾರ ಸಂಕಿರಣಗಳ ಪಟ್ಟಿ ಉದ್ದ ಇರಬಹುದು. ಅದನ್ನೂ ಓದಿ. ಆದರೆ ಮಗ ಅಥವಾ ಮಗಳು ಆರಿಸಿಕೊಳ್ಳುವ ವಿಷಯಕ್ಕೆ ಕಾಯಂ ಉಪನ್ಯಾಸಕರು ಇದ್ದಾರಾ ಅಂತ ಮೊದಲು ಕೇಳಿ.

ಊರಿಗೆ ಏನು ಸಿಕ್ತು?

ಮೂರನೇ ಮಾನದಂಡದಲ್ಲಿ ವಿಸ್ತರಣಾ ಚಟುವಟಿಕೆಗಳು ಬರುತ್ತವೆ. ಹೆಚ್ಚಿನ ಪಾಲು ಎನ್‌ಎಸ್‌ಎಸ್‌ನದ್ದು. ಒಬ್ಬ ಸ್ವಯಂಸೇವಕ ವರ್ಷಕ್ಕೆ 120 ಗಂಟೆ ಸೇವೆ ಮಾಡಬೇಕು. ಜತೆಗೆ ಹಳ್ಳಿಯಲ್ಲಿ 7 ದಿನದ ವಿಶೇಷ ಶಿಬಿರ ಇರುತ್ತೆ. ವರದಿಯಲ್ಲಿ ಕಾರ್ಯಕ್ರಮ ಎಷ್ಟು, ಭಾಗವಹಿಸಿದವರು ಎಷ್ಟು ಅನ್ನೋ ಲೆಕ್ಕ ಇರುತ್ತೆ. ನೆಟ್ಟ ಸಸಿ ಬದುಕಿದೆಯಾ, ಹೂಳೆತ್ತಿದ ಕಲ್ಯಾಣಿಗೆ ನೀರು ಬಂತಾ ಅನ್ನೋದು ಆ ಊರಿನವರಿಗೇ ಗೊತ್ತು.

ಅಂಗಡಿಯವರಿಗೂ ಜಾಗ ಇದೆ

ಈ ವರದಿ ತಯಾರಿಸೋದು ಕಾಲೇಜಿನ ಐಕ್ಯೂಎಸಿ, ಅಂದರೆ ಆಂತರಿಕ ಗುಣಮಟ್ಟ ಭರವಸೆ ಕೋಶ. ನ್ಯಾಕ್ ಮಾರ್ಗಸೂಚಿ ಪ್ರಕಾರ ಇದರಲ್ಲಿ ಪ್ರಾಂಶುಪಾಲರು, ಬೋಧಕರ ಜತೆ ಸ್ಥಳೀಯ ಸಮಾಜ, ವಿದ್ಯಾರ್ಥಿಗಳು ಹಾಗೂ ಹಳೇ ವಿದ್ಯಾರ್ಥಿಗಳಿಂದ ತಲಾ ಒಬ್ಬರು ಇರಬೇಕು. ಉದ್ಯೋಗದಾತರು, ಉದ್ಯಮಿಗಳ ಕಡೆಯಿಂದಲೂ ಪ್ರತಿನಿಧಿ ಇರಬೇಕು. ಮೂರು ತಿಂಗಳಿಗೆ ಒಮ್ಮೆಯಾದರೂ ಸಭೆ ಸೇರಬೇಕು. ಹುಡುಗರು ಜಿಲ್ಲಾ ಕೇಂದ್ರದ ಬಸ್ ಹತ್ತಿದರೆ ಝೆರಾಕ್ಸ್ ಅಂಗಡಿ, ಹೋಟೆಲ್, ಬಾಡಿಗೆ ರೂಮು ಎಲ್ಲದಕ್ಕೂ ಹೊಡೆತ ಬೀಳುತ್ತೆ. ಕಾಲೇಜು ಉಳಿಯೋದು ಪೇಟೆಯ ವ್ಯಾಪಾರದ ವಿಷಯವೂ ಹೌದು. ತಾಲ್ಲೂಕಿನ ಪರವಾಗಿ ಆ ಸಭೆಯಲ್ಲಿ ಯಾರು ಕೂರ್ತಾರೆ ಅಂತ ವರ್ತಕರ ಸಂಘಗಳು ವಿಚಾರಿಸಬಹುದು.

ಪಡೆಯೋದು ಹೇಗೆ?

ಮೊದಲು ಕಾಲೇಜಿನ ವೆಬ್‌ಸೈಟ್‌ನಲ್ಲಿ ‘ನ್ಯಾಕ್’ ಅಥವಾ ‘ಐಕ್ಯೂಎಸಿ’ ವಿಭಾಗ ನೋಡಿ. ಅಲ್ಲಿ ಇಲ್ಲದಿದ್ದರೆ ಐಕ್ಯೂಎಸಿ ಸಂಚಾಲಕರನ್ನು ಕೇಳಿ. ಸರ್ಕಾರಿ ಕಾಲೇಜಾದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಶುಲ್ಕ ಕಟ್ಟಿ ಅರ್ಜಿ ಹಾಕಬಹುದು. ಸಾಮಾನ್ಯವಾಗಿ 30 ದಿನದೊಳಗೆ ಉತ್ತರ ಕೊಡಬೇಕು. ಅರ್ಜಿಯಲ್ಲಿ ಯಾವ ಶೈಕ್ಷಣಿಕ ವರ್ಷದ ವರದಿ ಬೇಕು ಅಂತ ಸ್ಪಷ್ಟವಾಗಿ ಬರೆಯಿರಿ. ಮುಂದಿನ ವರ್ಷದ ದಾಖಲಾತಿಗೆ ಮೊದಲೇ ಕೇಳಿದರೆ ಒಳ್ಳೇದು.